ಅತ್ತೆಯ ಬೈಗುಳಕ್ಕೊಂದು ಬಾದಾಮಿ ಕೇಕು

ಅತ್ತೆ ಮತ್ತೆ "ಚೆನ್ನಾಗಿದೆ" ಅಂದರು. ಸೊಸೆಯ ಎದೆ ಧಸಕ್ಕೆಂದಿತು.

ಅಲ್ಲಾ, ಹೊಗಳಿಕೆಗೆ ಹೆದರುವ ಮನೆಯೂ ಇರುತ್ತದೆಯೇ ಅಂತ ನೀವು ಕೇಳಬಹುದು. ಇತ್ತು, ಒಂದು ಬೇಕರಿಯ ಹಿಂಬದಿಯಲ್ಲಿ. ಅಲ್ಲಿ ಅತ್ತೆ ಅಂದರೆ ಬೈಗುಳ, ಬೈಗುಳ ಅಂದರೆ ಅತ್ತೆ. ಬನ್ನು ಒಂದು ಕಡೆ ವಾಲಿದರೆ "ಇದೇನು ಬನ್ನೋ, ಚಪ್ಪಲಿಯೋ?" ಬಿಸ್ಕತ್ತು ಗಟ್ಟಿಯಾದರೆ "ಇದರ ಜೊತೆ ಗಿರಾಕಿಗೊಂದು ಸುತ್ತಿಗೆಯನ್ನೂ ಕೊಡಿ." ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ ಮೈದಾ ಮೂಟೆಗಳ ಹಿಂದೆ ಕೂತು ಎಷ್ಟೋ ಸಲ ಅತ್ತಿದ್ದಳು. ಆಮೇಲಾಮೇಲೆ ಅವಳಿಗೆ ಗೊತ್ತಾಯಿತು, ಅತ್ತೆ ಇವತ್ತು ಬೈದು ತಿದ್ದಿಸಿದ ಮಾಲು ನಾಳೆ ತಟ್ಟೆಯಲ್ಲಿ ಉಳಿಯುವುದೇ ಇಲ್ಲ ಅಂತ. ಅಷ್ಟು ಸರಿಯಾಗಿ ತಪ್ಪು ಹಿಡಿಯುವ ನಾಲಿಗೆ ಅದು.

ಅಂಥ ಅತ್ತೆಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಸಕ್ಕರೆ ಬಿಡಿ, ಮೈದಾ ಬಿಡಿ ಅಂದರು. ಅತ್ತೆ ಎರಡನ್ನೂ ಬಿಟ್ಟರು, ಜೊತೆಗೆ ಬೈಯುವುದನ್ನೂ ಬಿಟ್ಟರು. ಅದನ್ನು ಬಿಡಿ ಅಂತ ಯಾವ ಡಾಕ್ಟರು ಹೇಳಿದ್ದರು ಹೇಳಿ! ಏಪ್ರನ್ನು ಮೊಳೆಗೆ ನೇತುಹಾಕಿ ಕಿಟಕಿ ಪಕ್ಕ ಕೂತವರು, ಏನು ತೋರಿಸಿದರೂ "ಚೆನ್ನಾಗಿದೆ" ಅನ್ನತೊಡಗಿದರು. ಸೊಸೆ ಬೇಕಂತಲೇ ಕರಟಿದ ಬ್ರೆಡ್ಡು ತೋರಿಸಿದಳು. ಅದೂ ಚೆನ್ನಾಗಿತ್ತಂತೆ.

"ತಿನ್ನದೋಳಿಗೆ ತಪ್ಪು ಹಿಡಿಯೋ ಹಕ್ಕೆಲ್ಲಿದೆಯಮ್ಮಾ?" ಅಂತ ಅತ್ತೆ ಒಂದೇ ಒಂದು ಸಲ ಅಂದಿದ್ದರು. ಆ "ಅಮ್ಮಾ" ಕೇಳಿ ಸೊಸೆಗೆ ಅಳುವೇ ಬಂದಿತ್ತು. ಅತ್ತೆ ಅವಳನ್ನು ಹಾಗೆ ಮೆತ್ತಗೆ ಕರೆದವರೇ ಅಲ್ಲ.

ಅಷ್ಟರಲ್ಲಿ ವರ್ಷದ ಕೊನೆಯ ರಜೆ ಬಂತು. ಆ ಬೇಕರಿಯಲ್ಲಿ ಮಾವನ ಕಾಲದಿಂದ ಒಂದು ಪದ್ಧತಿ. ರಜೆಯ ಮೊದಲ ಬೆಳಿಗ್ಗೆ, ಶಟರ್ ಎತ್ತುವ ಮುಂಚೆ, ರಜೆ ಕೇಕಿನ ಮೊದಲ ತುಂಡು ಅತ್ತೆಯ ಬಾಯಿಗೆ ಹೋಗಬೇಕು. ಅತ್ತೆ ಒಂದು ತಪ್ಪು ಹುಡುಕಬೇಕು. ಅದನ್ನು ತಿದ್ದಿದ ಮೇಲೇ ಮಿಕ್ಕ ಕೇಕುಗಳೆಲ್ಲ ಒಲೆಗೆ ಹೋಗುವುದು.

"ಈ ಸಲ ನೀವೇ ತಿಂದು ನೋಡ್ಕೊಳ್ಳಿ" ಅಂದರು ಅತ್ತೆ. "ಆ ಏಪ್ರನ್ನ ಒರೆಸೋ ಬಟ್ಟೆ ಮಾಡ್ಕೊಳ್ಳಿ. ಸುಮ್ನೆ ನೇತಾಡ್ತಿದೆ."

ಒರೆಸೋ ಬಟ್ಟೆಯಂತೆ! ಸೊಸೆಗೆ ರೇಗಿಹೋಯಿತು. ಅತ್ತೆ ತಿನ್ನಬಹುದಾದ ಕೇಕು ಮಾಡಿಯೇ ಮಾಡುತ್ತೇನೆ, ಅವರ ಬಾಯಿಂದ ಬೈಸಿಕೊಂಡೇ ತೀರುತ್ತೇನೆ ಅಂತ ಟೊಂಕ ಕಟ್ಟಿದಳು.

ಅವಳ ಬೆನ್ನಿಗೆ ನಿಂತವಳು ನಾದಿನಿ. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವುದು ಅವಳ ಕೆಲಸ, ಹಾಗಾಗಿ ಮನೆಯಲ್ಲಿ ಎಲ್ಲರಿಗೂ ಅವಳು ಸೂಜಿ. "ಅತ್ತಿಗೆ, ಮೈದಾ ಬದಲು ಬಾದಾಮಿ ಹಿಟ್ಟು ಹಾಕಿ, ಸಕ್ಕರೆ ಬದಲು ಈ ಪುಡಿ" ಅಂತ ಒಂದು ಡಬ್ಬಿ ತಂದುಕೊಟ್ಟಳು. "ನಾಲಿಗೆಗೆ ಸಿಹಿ, ರಕ್ತಕ್ಕೆ ಸುದ್ದಿಯೇ ಹೋಗಲ್ಲ. ಹಾಗಂತ ಅಮ್ಮ ಇಡೀ ಕೇಕು ನುಂಗೋ ಹಾಗಿಲ್ಲ, ಒಂದು ತುಂಡು ಅಷ್ಟೇ."

ಮೊದಲ ಕೇಕು ಒಲೆಯೊಳಗೆ ಗತ್ತಿನಿಂದ ಉಬ್ಬಿತು, ಹೊರಗೆ ಬಂದದ್ದೇ ತಡ ಉಸ್ಸಂತ ಕುಸಿದು ಕೂತಿತು. ಎರಡನೆಯದಕ್ಕೆ ಮೊಟ್ಟೆ ಜಾಸ್ತಿಯಾಗಿ ಆಮ್ಲೆಟ್ಟಿನ ದೂರದ ನೆಂಟನಂತಿತ್ತು. "ಇದಕ್ಕೊಂಚೂರು ಈರುಳ್ಳಿ ಬಿದ್ದಿದ್ರೆ..." ಅಂತ ಬಾಯಿ ತೆರೆದ ಗಂಡ ಹೆಂಡತಿಯ ಕಣ್ಣು ನೋಡಿ ತೆಪ್ಪಗಾದ. ಮೂರನೆಯದನ್ನು ಅವಳು ರಜೆಯ ಮೊದಲ ಬೆಳಿಗ್ಗೆಯೇ ಕಲಸಿದಳು. ಮೊಟ್ಟೆಯ ಬಿಳಿಯನ್ನು ಬೇರೆ ಮಾಡಿ ನೊರೆಯೇಳುವ ಹಾಗೆ ಕಡೆದಳು. ಬೆಣ್ಣೆ, ಚಕ್ಕೆ ಪುಡಿ, ಕಿತ್ತಳೆ ಸಿಪ್ಪೆಯ ತುರಿ. ಬಾದಾಮಿ ಹಿಟ್ಟು ಮುಗಿಯಿತು, ಡಬ್ಬಿಯ ತಳದ ಪುಡಿಯೂ ಖಾಲಿ. ಇದೂ ಕೈಕೊಟ್ಟರೆ ಅತ್ತೆಗೆ ಈ ರಜೆಗೆ ಕೇಕಿಲ್ಲ.

ಕೇಕು ಉಬ್ಬಿತು. ಹೊರಗೆ ಬಂದ ಮೇಲೂ ಉಬ್ಬಿಕೊಂಡೇ ಇತ್ತು! ಸೊಸೆ ಒಲೆಯ ಮುಂದೆ ಎರಡು ಸುತ್ತು ಕುಣಿದಳು. ಕೇಕನ್ನು ಅಚ್ಚಿನಿಂದ ತೆಗೆದು ಆರಲಿ ಅಂತ ಜಾಲರಿಯ ಮೇಲಿಟ್ಟು, ಅತ್ತೆಯನ್ನು ಕರೆಯಲು ಓಡಿದಳು.

ಓಡಬಾರದಿತ್ತು.

ಗಂಡ ಒಳ್ಳೆಯವನೇ, ಆ ಮಾತು ಬೇರೆ. ಆದರೆ ಅವನ ಕೈ ಇದೆಯಲ್ಲ, ಅದು ಅವನ ಮಾತು ಕೇಳುವುದಿಲ್ಲ. ಬುದ್ಧಿ ಬಂದಾಗಿನಿಂದ ಒಲೆಯ ಮುಂದೆ ಬೆಳೆದ ಕೈ. ಜಾಲರಿಯ ಮೇಲೆ ಬಿಸಿಯಾದದ್ದು ಏನು ಕಂಡರೂ ಸಕ್ಕರೆ ಪಾಕದಲ್ಲಿ ಬ್ರಶ್ ಅದ್ದಿ ಬಳಿದುಬಿಡುತ್ತದೆ. ಒಮ್ಮೆ ಅಲ್ಲಿ ಒಣಗಲು ಹಾಕಿದ್ದ ತನ್ನದೇ ಕೈಗವಸಿಗೆ ಪಾಕ ಬಳಿದುಕೊಂಡಿದ್ದ ಪುಣ್ಯಾತ್ಮ. ಸೊಸೆ ತಿರುಗಿ ಬರುವಷ್ಟರಲ್ಲಿ ಅವನು ಶಿಳ್ಳೆ ಹಾಕುತ್ತಾ ಬನ್ನುಗಳ ಸಾಲು ಮುಗಿಸಿ, ಅದೇ ಜೋರಿನಲ್ಲಿ ಬಾದಾಮಿ ಕೇಕಿನ ನೆತ್ತಿಯನ್ನೂ ಮಿರಮಿರ ಮಿಂಚಿಸಿದ್ದ.

"ರೀ!"

"ಏನೇ?" ಅಂದವನು ಕೇಕು ನೋಡಿದ, ಬ್ರಶ್ ನೋಡಿದ, ತನ್ನ ಕೈ ನೋಡಿಕೊಂಡ. "ಅಯ್ಯೋ! ನಾನಲ್ವೇ, ಇದು!" ಅಂತ ಬಲಗೈಯನ್ನೇ ತೋರಿಸಿದ.

ಸೊಸೆ ತಲೆ ಮೇಲೆ ಕೈ ಹೊತ್ತು ನಿಂತಳು. ಅಂಗಳದಲ್ಲಿ ಅತ್ತೆಯ ಚಪ್ಪಲಿ ಸದ್ದು ಕೇಳಿಸುತ್ತಿತ್ತು. ಅವಳ ಹಿಂದೆಯೇ ಬಂದಿದ್ದ ಸೂಜಿ ಮಾತ್ರ ಗಾಬರಿಯಾಗಲಿಲ್ಲ. "ಬಳಿದು ಎಷ್ಟು ಹೊತ್ತಾಯ್ತು?"

"ಈಗಷ್ಟೇ!"

"ಹಾಗಾದ್ರೆ ಪಾಕ ತಳಕ್ಕಿಳಿದಿರಲ್ಲ. ತಲೆ ಕತ್ತರಿಸಿ ಅತ್ತಿಗೆ!"

ಗಂಡ ಒಂದು ಹೆಜ್ಜೆ ಹಿಂದೆ ಸರಿದ.

"ಕೇಕಿಂದು ಅಣ್ಣಾ!"

ಸೊಸೆ ಗರಗಸದ ಹಲ್ಲಿನ ಉದ್ದ ಚಾಕು ತೆಗೆದು, ಕೇಕಿನ ಮೇಲಿನ ಅರ್ಧವನ್ನು ಅಡ್ಡಡ್ಡ ಕೊಯ್ದು ಎತ್ತಿದಳು. ಪಕ್ಕಗಳನ್ನೂ ಕೆತ್ತಿದಳು. ಸೂಜಿ ಕೆಳಗಿನ ಅರ್ಧವನ್ನು ಬೆರಳಿಂದ ಒತ್ತಿ, ಒಂದು ಚೂರು ಬಾಯಿಗೂ ಹಾಕಿಕೊಂಡು, ಪಾಕ ಇಲ್ಲಿಗೆ ಬಂದಿಲ್ಲ ಅಂತ ತಲೆಯಾಡಿಸಿದಳು. ಬಾಗಿಲಲ್ಲಿ ಅತ್ತೆಯ ನೆರಳು ಬಿತ್ತು. ಗಂಡನಿಗೆ ಏನು ತೋಚಿತೋ, ಕತ್ತರಿಸಿದ ತಲೆಯನ್ನು ಎತ್ತಿ ಇಡಿಯಾಗಿ ಬಾಯಿಗೆ ತುರುಕಿಕೊಂಡುಬಿಟ್ಟ. ಕೆನ್ನೆ ಎರಡೂ ಬನ್ನಿನಂತಾದವು. ಸೂಜಿ ನಗು ತಡೆಯಲಾಗದೆ ಗೋಡೆ ಕಡೆ ತಿರುಗಿ ನಿಂತಳು.

ಅತ್ತೆ ಬಂದು ಸ್ಟೂಲಿನ ಮೇಲೆ ಕೂತರು. ತಟ್ಟೆ ನೋಡಿ, ಮುಟ್ಟದೆಯೇ, "ಚೆನ್ನಾಗಿದೆ ಕಣಮ್ಮಾ" ಅಂದರು.

"ತಿಂದು ಹೇಳಿ ಅತ್ತೆ. ಇದರಲ್ಲಿ ಸಕ್ಕರೆ ಇಲ್ಲ, ಮೈದಾನೂ ಇಲ್ಲ. ಇದು ನಿಮಗೇ ಅಂತ ಮಾಡಿದ್ದು."

ಅತ್ತೆ ಮಗಳ ಮುಖ ನೋಡಿದರು. ಸೂಜಿ ಹೂಂ ಅಂದಳು. ಅತ್ತೆ ತುಂಡನ್ನು ಎತ್ತಿ ಮೂಸಿದರು, ಅಂಚು ಮುರಿದರು, ಬಾಯಿಗಿಟ್ಟರು. ಇನ್ನೊಂದು "ಚೆನ್ನಾಗಿದೆ" ಬಂದರೆ ತಾನು ಇಲ್ಲೇ ಕೂತು ಗೊಳೋ ಅಂತ ಅಳುವುದೇ ಸೈ ಅಂದುಕೊಂಡಳು ಸೊಸೆ.

ಅತ್ತೆಯ ಹುಬ್ಬು ಮೆಲ್ಲಗೆ ಗಂಟಾಯಿತು.

"ಉಪ್ಪನ್ನ ಯಾರಿಗೆ ಅಂತ ಎತ್ತಿಟ್ಟಿದ್ದೀಯೇ?"

ಅತ್ತೆ ಅದೇ ತುಂಡಿನ ಇನ್ನೊಂದು ಅಂಚು ಮುರಿದು ಬಾಯಿಗಿಟ್ಟರು.

"ಒಂದು ಚಿಟಿಕೆ ಉಪ್ಪು ಬಿದ್ದಿದ್ರೆ ಈ ಕಿತ್ತಳೆ ಬಾಯಿ ಬಿಡ್ತಿತ್ತು. ಬಾದಾಮಿ ತರಿತರಿಯಾಗಿದೆ, ಜರಡಿಗೂ ರಜೆ ಕೊಟ್ಟಿದ್ದೀಯಾ? ಅಲ್ಲಾ, ಈ ಕೇಕಿನ ತಲೆ ಎಲ್ಲಿ?" ಕಣ್ಣು ಮಗನ ಕೆನ್ನೆಗಳ ಮೇಲೆ ನಿಂತಿತು. "ಬಾಯಲ್ಲೇನೋ ಅದು?"

"ಉಂ" ಅಂದ ಮಗ.

"ಪಾಕ ಬಳಿದೆಯಾ? ನಿಮ್ಮಪ್ಪನೂ ಹೀಗೇ! ಜಾಲರಿ ಮೇಲಿಟ್ಟಿದ್ದ ನನ್ನ ಟೋಪಿಗೇ ಬಳಿದಿದ್ರು ಮಹಾರಾಯರು!" ಅಂತ ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ನಗುತ್ತಲೇ ಬೈದರು. ಕಟ್ಟೆಯೊಡೆದ ಹಾಗೆ ಬೈದರು. ಮೊನ್ನೆಯ ಬನ್ನು, ಆ ಕರಟಿದ ಬ್ರೆಡ್ಡು, ಗಾಜಿನ ಮೇಲಿನ ಧೂಳು, ಇಷ್ಟು ದಿನ ನುಂಗಿಕೊಂಡದ್ದೆಲ್ಲ ಸಾಲುಗಟ್ಟಿ ಹೊರಬಂತು. ಸೊಸೆಯ ಕಣ್ಣಲ್ಲಿ ನೀರು ದಳದಳ ಇಳಿಯಿತು.

"ಅಳೋದ್ಯಾಕೆ ಈಗ? ಇಷ್ಟಕ್ಕೆಲ್ಲ ಅಳ್ತಾರಾ?"

"ಇಲ್ಲ ಅತ್ತೆ. ಇನ್ನೊಂಚೂರು ಬೈಯಿರಿ."

ಅತ್ತೆ ಸೊಸೆಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ಹೋಗಿ ಮೊಳೆಯಿಂದ ಏಪ್ರನ್ನು ತೆಗೆದು ಕೊಡವಿ, "ಬೆನ್ನ ಹಿಂದೆ ಗಂಟು ಹಾಕು, ನಂಗೆ ಕೈ ಸಿಗಲ್ಲ" ಅಂದರು. ಆವತ್ತಿನ ಕೇಕುಗಳಿಗೆಲ್ಲ ಉಪ್ಪು ಹಾಕಿದ್ದು ಅತ್ತೆಯ ಕೈಯೇ.

ಮಧ್ಯಾಹ್ನ ರಕ್ತದ ಸಕ್ಕರೆ ನೋಡಲು ಸೂಜಿ ಅಮ್ಮನ ಬೆರಳು ಹಿಡಿದಳು. ಇಷ್ಟು ದಿನ ಕುರಿಮರಿಯಂತೆ ಬೆರಳು ಚಾಚುತ್ತಿದ್ದ ಅತ್ತೆ, "ಮೆಲ್ಲಗೆ ಚುಚ್ಚೋಕೆ ಬರಲ್ವೇನೇ? ಆಸ್ಪತ್ರೇಲಿ ಏನು ಕಲಿಸಿದ್ರು ನಿಂಗೆ?" ಅಂತ ಗದರಿದರು. ಮಿಷನ್ನಿನಲ್ಲಿ ಅಂಕಿ ಎಲ್ಲಿರಬೇಕೋ ಅಲ್ಲೇ ಇತ್ತು.

"ಚೆನ್ನಾಗಿದೆ" ಅಂದಳು ಸೂಜಿ.

ಆ ಮಾತು ಕಿವಿಗೆ ಬಿದ್ದದ್ದೇ ಸೊಸೆ ಬೆಚ್ಚಿಬಿದ್ದು ಅತ್ತೆಯ ಮುಖ ನೋಡಿದಳು.

"ನನ್ನ ಮುಖ ಏನು ನೋಡ್ತೀಯ? ಒಲೆ ನೋಡು ಹೋಗೇ, ಸೀದ ವಾಸನೆ ಬರ್ತಿದೆ!" ಅಂದರು ಅತ್ತೆ. ಸೊಸೆ ಕುಣಿಯುತ್ತಾ ಓಡಿದಳು.