ತಂಪು ಗಾಳಿಯ ವಾರದ ಶಾವಿಗೆ

ನಮ್ಮ ಮನೆಯವರಿಗೆ ಬೆಳಗಿನ ಚಹಾ ತಪ್ಪಿದರೂ ನಡೆಯುತ್ತದೆ, ಹವಾಮಾನ ವರದಿ ತಪ್ಪಿದರೆ ನಡೆಯುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಬೆಳೆದು ಕಣದಲ್ಲಿ ಒಣಗಲು ಹರವಿದವನ ಕಣ್ಣು ಯಾವಾಗಲೂ ಆಕಾಶದಲ್ಲೇ ಇರುತ್ತದೆ. ಅದಕ್ಕೇ ರುದ್ರಮುನಿ ಎನ್ನುವ ಈ ಮನುಷ್ಯ ದಿನಾ ಬೆಳಿಗ್ಗೆ ಮೊಬೈಲು ಹಿಡಿದುಕೊಂಡು, ಮಳೆ ಗಾಳಿಯನ್ನೆಲ್ಲ ತಾವೇ ಹಂಚಿಕೊಡುವವರ ಹಾಗೆ ಗಟ್ಟಿಯಾಗಿ ಓದುತ್ತಾರೆ. ಆ ಸೋಮವಾರವೂ ಓದಿದರು.

“ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದಾಗ ಈ ವಾರ ಪೂರ್ತಿ ತಂಪು ಗಾಳಿ. ಅರೆಮೋಡ. ಬಿಸಲು ಕಡಿಮಿ. ಮಳಿ ಇಲ್ಲ.”

“ಶಿವರಾತ್ರಿ ಮುಗದು ನೆಲ ಕಾಯಾಕತ್ತೈತಿ. ಈಗೆಲ್ಲಿ ತಂಪು? ನಿಮ್ಮ ಮೊಬೈಲಿಗೆ ಜ್ವರ ಬಂದಿರಬೇಕು ನೋಡ್ರಿ,” ಎಂದೆ.

ಅಂದು ಮುಗಿಸುವಷ್ಟರಲ್ಲಿ ಹಿತ್ತಲ ಬಾಗಿಲು ಢಬ್ ಎಂದು ಬಡಿಯಿತು. ಬೆವರಿದ ಕುತ್ತಿಗೆಗೆ ತಣ್ಣಗೆ ಗಾಳಿ ತಾಗಿತು. ಮನೆಯವರು ಮೊಬೈಲಿನ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಮೀಸೆಯಲ್ಲೇ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಅವತ್ತು ಶಾವಿಗೆ ಹೊಸೆಯುವ ದಿನ, ಹಿಟ್ಟು ಆಗಲೇ ನಾದಿಟ್ಟಿದ್ದೆ.

ನಮ್ಮದು ಕೈಶಾವಿಗೆ. ಗೀರುಗೀರಾದ ಉದ್ದನೆಯ ಮಣೆಯನ್ನು ಓರೆಯಾಗಿ ಇಟ್ಟು, ಮೇಲ್ತುದಿಯಲ್ಲಿ ಒಬ್ಬಳು ಕೂತು ಅಂಗೈಯಿಂದ ಹಿಟ್ಟನ್ನು ಹೊಸೆಯಬೇಕು. ಗೀರುಗುಂಟ ಇಳಿದು ಬರುವ ಎಳೆಗಳನ್ನು ಕೆಳಗೆ ಇನ್ನೊಬ್ಬಳು ಹಿಡಿದು ಕೋಲಿಗೆ ಹಾಕಬೇಕು. ಹಸಿ ಎಳೆಗೆ ಗಾಳಿ ತಾಗಿದರೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಇಲ್ಲವೇ ಹರಿದು ನೆಲಕ್ಕೆ ಬೀಳುತ್ತವೆ. ಹಾಗಂತ ನಾವೆಲ್ಲ ನಂಬಿದ್ದೆವು.

ಈ ಸಲದ ಶಾವಿಗೆ ಬರೀ ಮನೆಯ ಬಾಯಿರುಚಿಗಲ್ಲ. ನನ್ನ ಮಗಳು ಭುವನಾಳದು ಚೊಚ್ಚಲ ಬಸಿರು. ಮುಂದಿನ ವಾರ ರಾಣೆಬೆನ್ನೂರಿನಲ್ಲಿ, ಅವಳ ಗಂಡನ ಮನೆಯಲ್ಲಿ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ತವರಿನ ಹಿರಿಯಳು ಬಲಗೈಯಿಂದ ಮೊದಲ ತುತ್ತು ಉಣಿಸಬೇಕು. ಆ ತುತ್ತು ಬೆಲ್ಲ ತುಪ್ಪ ಕಲಸಿದ ಶಾವಿಗೆಯದು. ನನ್ನ ತವರಿನಲ್ಲಿ ಹಿರಿಯಳು ಯಾರೂ ಇರಲಿಲ್ಲ, ಹಾಗಾಗಿ ನನ್ನ ಕುಬಸದಲ್ಲಿ ನನಗೆ ಉಣಿಸಿದವರು ನನ್ನ ಅತ್ತೆ ನೀಲಗಂಗವ್ವ, ಆ ಶಾವಿಗೆ ಹೊಸೆದವರೂ ಅವರೇ. ಓಣಿಯಲ್ಲಿ ಅವರಷ್ಟು ಸಣ್ಣ ಎಳೆ ತೆಗೆಯುವವರು ಯಾರೂ ಇರಲಿಲ್ಲ.

ದಸರೆಯ ಹೊತ್ತಿಗೆ ಅವರಿಗೆ ಲಕ್ವಾ ಹೊಡೆಯಿತು. ಕಾಲು ತಿರುಗಿ ಬಂತು, ಮಾತು ತಿರುಗಿ ಬಂತು, ಬಲಗೈ ಮಾತ್ರ ಬೇರೆ ಯಾರದೋ ಕೈಯ ಹಾಗೆ ಮಡಿಲಲ್ಲಿ ಕೂತುಬಿಟ್ಟಿತು. ಕೈಯಲ್ಲಿ ಜೀವ ಇದೆ, ಬಳಸಬೇಕು ಎಂದು ಹೇಳಿ ಡಾಕ್ಟರು ಹಿಚುಕಲು ಒಂದು ರಬ್ಬರ್ ಚೆಂಡು ಕೊಟ್ಟರು. ಅತ್ತೆ ಅದನ್ನು ಎಡಗೈಯಲ್ಲಿ ಎತ್ತಿ ನನ್ನ ಕಡೆಗೆ ಒಗೆದರು.

“ನಾ ಏನ್ ಸಣ್ಣ ಹುಡುಗೀನ? ನಾಯಿಗೆ ಕೊಡು, ಆಡ್ತೈತಿ.”

ಅಂದಿನಿಂದ ಅವರಿಗೆ ನಾನೇ ತುತ್ತು ಮಾಡಿ ಉಣಿಸುತ್ತಿದ್ದೆ. ಉಣ್ಣುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇಡೀ ಓಣಿಗೆ ಉಣಬಡಿಸಿದ ಹೆಂಗಸು ಹಾಗೆ ಕಣ್ಣು ಮುಚ್ಚಿ ಬಾಯಿ ತೆರೆಯುವುದನ್ನು ನೋಡಿದರೆ ನನಗೆ ಕರುಳು ಹಿಂಡಿದಂತಾಗುತ್ತಿತ್ತು. ಕರುಳು ಹಿಂಡಿದಾಗ ನಾನು ಅಳುವವಳಲ್ಲ, ಬೈಯುವವಳು. “ಸರಿಯಾಗಿ ಬಾಯಿ ತಗೀರಿ, ಸೀರಿ ಮ್ಯಾಲೆ ಬೀಳ್ತೈತಿ,” ಎಂದು ಬೈಯುತ್ತಿದ್ದೆ.

ಕುಬಸದ ಮಾತು ಬಂದಾಗ ಅವರು ಕಡ್ಡಿ ಮುರಿದಂತೆ ಹೇಳಿದ್ದರು. “ಎಡಗೈಲೆ ಬಸುರಿಗೆ ತುತ್ತು ಕೊಡ್ತಾರೇನು? ನಾ ಬರೂದಿಲ್ಲ. ನೀವು ಹೋಗಿ ಬರ್ರಿ.”

ಭುವನಾ ಫೋನಿನಲ್ಲಿ ಅತ್ತಳು. “ಅಜ್ಜಿ ಬರ್ಲಿಲ್ಲಂದ್ರ ನನಗ ಯಾರ ತುತ್ತೂ ಬ್ಯಾಡವ್ವಾ.”

ಶಾವಿಗೆಯಾದರೂ ಅವರ ಕಣ್ಣೆದುರಿಗೆ ಆಗಲಿ, ಮನಸ್ಸು ಕರಗಿ ರಾಣೆಬೆನ್ನೂರಿಗೆ ಹೊರಟಾರು ಎಂಬುದೊಂದೇ ನನ್ನ ಆಸೆಯಾಗಿತ್ತು. ಅಂಥದರಲ್ಲಿ ಈ ಗಾಳಿ.

ಪಕ್ಕದ ಮನೆಯ ಮುಮ್ತಾಜಬಿ ಬಂದಳು. ಅವಳಿಗೆ ರಮಜಾನಿಗೆ ಶಾವಿಗೆ ಬೇಕು, ನಮಗೆ ಯುಗಾದಿಗೆ ಬೇಕು, ಹಾಗಾಗಿ ಪ್ರತಿ ವರ್ಷ ಕೂಡಿಯೇ ಹೊಸೆಯುತ್ತೇವೆ. ಅವಳು ರೋಜಾದ ಉಪವಾಸ ಇದ್ದಳು. ಅಂಗಳದಲ್ಲಿ ನಿಂತು ಸೆರಗು ಹಿಡಿದುಕೊಂಡು ಬೇವಿನ ಮರ ತೂಗುವುದನ್ನು ನೋಡಿದಳು.

“ಇಂಥಾ ಗಾಳ್ಯಾಗ ಹೆಂಗ ಒಣಗಸ್ತಿ ಪುಷ್ಪಕ್ಕ? ನಾಳಿಗಿ ಮಾಡೂಣೇನು?”

“ವಾರ ಪೂರ್ತಿ ಹಿಂಗ ಐತಂತ, ನಮ್ಮ ಪಂಚಾಂಗದವರು ಓದ್ಯಾರ. ಹಿಟ್ಟು ನಾಳಿಗಿ ಹುಳಿ ಬರ್ತೈತಿ. ಒಳಗ ನಡಿ,” ಎಂದು ಮಣೆಯನ್ನು ಎತ್ತಿಕೊಂಡೆ.

ಮನೆಯಲ್ಲಿ ಗಾಳಿಯಾಡದ ಜಾಗ ಒಂದೇ, ಮೂಲೆಯ ಕೋಣೆ. ಅಲ್ಲೇ ಹೊಸೆದೆವು, ಅಲ್ಲೇ ಎಳೆ ತೂಗುಹಾಕಿದೆವು, ಬಾಗಿಲು ಹಾಕಿ ಬಂದೆವು. ಮಧ್ಯಾಹ್ನ ಒಣಗಿದ್ದರಲ್ಲಿ ಒಂದು ಹಿಡಿ ಕುದಿಸಿ, ಬಸಿದು, ಬೆಲ್ಲ ಹಾಕಿ ಬಾಯಿಗಿಟ್ಟೆ. ಗಂಟಲು ಹಿಡಿಯಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಆಗ ತಲೆಗೆ ಹೊಳೆಯಿತು. ಆ ಕೋಣೆಯ ತುಂಬ ಒಣಮೆಣಸಿನಕಾಯಿಯ ಚೀಲಗಳು. ಘಾಟನ್ನೆಲ್ಲ ಹಸಿ ಎಳೆಗಳು ಕುಡಿದಿದ್ದವು. ಪರವೂರಿನವರು ನಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತಲೇ ಸೀನುತ್ತಾರೆ, ನಮಗೆ ಆ ವಾಸನೆ ಇದೆ ಎನ್ನುವುದೇ ಮರೆತುಹೋಗಿದೆ. ಬ್ಯಾಡಗಿಯ ಮೂಗಲ್ಲದೆ ಬೇರೆ ಯಾವ ಮೂಗೂ ಇಂಥ ತಪ್ಪು ಮಾಡುತ್ತಿರಲಿಲ್ಲ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರಲ್ಲ, ಆ ಮಾತನ್ನು ನನ್ನ ಗಂಟಲಿಗೆ ಬಂದು ಹೇಳಲಿ.

ಮುಮ್ತಾಜಬಿ ಒಂದು ಎಳೆ ಮೂಸಿ ನೋಡಿ ಗೋಡೆಗೆ ಒರಗಿ ನಕ್ಕಳು. “ಪುಣ್ಯಾ, ನನಗ ರೋಜಾ ಐತಿ. ಬಸುರಿಗೆ ಇದನ್ನ ತಿನ್ನಿಸಿದ್ರ ಕುಬಸದ ಮನ್ಯಾಗ ಹೆರ್ತಾಳ ನೋಡು.”

ನಕ್ಕು ಮುಗಿಸಿ, ಸಂಜೆಯ ಅಡುಗೆಗೆ ಹೊತ್ತಾಯಿತೆಂದು ಹೋದಳು. ಒದ್ದೆ ಬಟ್ಟೆಯ ಕೆಳಗೆ ಅರ್ಧ ಹಿಟ್ಟು ಉಳಿದಿತ್ತು. ನಾನು ಹೊಸ್ತಿಲಲ್ಲಿ ಕೂತು ಗಾಳಿಯನ್ನು ಬೈದೆ, ಗಂಡನನ್ನು ಬೈದೆ, ವರದಿ ಬರೆದವನನ್ನು, ಅವನನ್ನು ಹೆತ್ತವರನ್ನು ಎಲ್ಲರನ್ನೂ ಬೈದೆ.

ಕಟ್ಟೆಯ ಮೇಲೆ ಕೂತಿದ್ದ ಅತ್ತೆ ಬಾಯಿಬಿಟ್ಟರು. “ಬೈಯೂದು ಸಾಕು ಮಾಡು. ಮಣಿ ಅಂಗಳಕ್ಕ ತಂದು ಹಾಕು.”

“ಗಾಳಿ ಐತ್ರಿ ಅತ್ತಿ. ಎಳಿ ಹರೀತಾವ.”

“ಹರದ್ರ ಹರೀಲಿ. ಆ ಖಾರದ ಕ್ವಾಣ್ಯಾಗಿಂದ ಹೊರಗ ಬಾ ಮೊದಲ.”

ಮಣೆ ಹಾಕಿ ಮೇಲೆ ಕೂತು ಹೊಸೆದೆ. ಸಿಟ್ಟಿನ ಕೈ, ಎಳೆ ಹಗ್ಗದಷ್ಟು ದಪ್ಪ ಬಂತು, ನಡುವೆಯೇ ತುಂಡಾಯಿತು. ಮತ್ತೊಮ್ಮೆ ಹೊಸೆದೆ, ಮತ್ತೆ ತುಂಡಾಯಿತು. ಅತ್ತೆ ಎದ್ದು ಬಂದು ಪಕ್ಕದಲ್ಲಿ ನಿಂತರು. “ಇಳಿ ಕೆಳಗ,” ಎಂದರು.

ನಾನು ಇಳಿದೆ. ತೋಳು ಹಿಡಿದು ಅವರನ್ನು ಮಣೆಯ ಮೇಲೆ ಕೂರಿಸಿದೆ. ಅವರು ಎಡಗೈಯಿಂದ ಒಂದು ಉಂಡೆ ಹಿಟ್ಟು ಹರಿದು ಮಣೆಗಿಟ್ಟರು. ಆಮೇಲೆ ಅದೇ ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದೆತ್ತಿ, ಹಿಟ್ಟಿನ ಮೇಲೆ ಇಟ್ಟರು. ನನ್ನ ಕಡೆ ನೋಡಲಿಲ್ಲ. ನಾನೂ ನೋಡದವಳ ಹಾಗೆ ಕೆಳತುದಿಯಲ್ಲಿ ಕೂತೆ.

ಬೇರೆ ವರ್ಷವಾದರೆ ಆ ಹೊತ್ತಿಗೆ ಬಿಸಿಲಿಗೆ ಹಿಟ್ಟು ಬಿರಿದು, ರಟ್ಟೆಯ ಬಲವೆಲ್ಲ ಹಾಕಿ ಹೊಸೆಯಬೇಕಾಗುತ್ತಿತ್ತು. ಅವತ್ತು ಅದು ಕಿವಿಯ ಹಾಲೆಯಷ್ಟು ಮೆತ್ತಗಿತ್ತು. ಮೊದಲು ಒಂದು ಗಂಟು ಮಾತ್ರ ಉರುಳಿ ಬಂತು. ಅವರು ಅದನ್ನು ಬದಿಗೆ ಸರಿಸಿದರು. ಗಾಳಿ ಬೀಸಿತು. ಮತ್ತೆ ಹೆಗಲಿನಿಂದ ಕೈಯನ್ನು ಮುಂದೆ ನೂಕಿದರು. ಅಂಗೈ ಸರಿಯಿತು. ಹೆಬ್ಬೆರಳು ಅಲುಗಿತು. ಒಂದು ಎಳೆ ಗೀರಿನಲ್ಲಿ ಇಳಿದು ನನ್ನ ಕಡೆಗೆ ಬಂತು.

ನನಗೆ ಹೆದರಿಕೆಯಾಯಿತು. ಖರೇ ಹೇಳುತ್ತೇನೆ, ಕದರಮಂಡಲಗಿ ಗುಡಿಯ ಹನುಮಪ್ಪನ ಹೊಳೆಯುವ ಕಣ್ಣೆದುರು ನಿಂತಾಗಲೂ ನನಗೆ ಅಷ್ಟು ಹೆದರಿಕೆಯಾಗಿಲ್ಲ. ಎಳೆಯನ್ನು ಅಂಗೈಯಲ್ಲಿ ಹಿಡಿದೆ. ಕೂದಲಿನಷ್ಟು ಸಣ್ಣ. ಅದರ ಆ ತುದಿಯಲ್ಲಿ ನಡುಗುತ್ತಿದ್ದ ಅವರ ಬೆರಳು ಈ ತುದಿಯಲ್ಲಿ ನನ್ನ ಕೈಗೆ ಗೊತ್ತಾಗುತ್ತಿತ್ತು. ಐದು ತಿಂಗಳು ಸತ್ತಂತೆ ಬಿದ್ದಿದ್ದ ಕೈ ನನ್ನ ಜೊತೆ ಮಾತಾಡುತ್ತಿತ್ತು.

ಹತ್ತಾರು ಎಳೆ ಕೋಲಿಗೆ ಏರಿದ ಮೇಲೆ ಜೋರು ಗಾಳಿ ಬಂತು. ಬೇವಿನ ಎಲೆ ಅಂಗಳದ ತುಂಬ ಉದುರಿದವು. ಕೈಯಲ್ಲಿದ್ದ ಎಳೆ ಜೋಕಾಲಿಯ ಹಾಗೆ ಒಮ್ಮೆ ಹೊರಗೆ ತೂಗಿ, ಮತ್ತೆ ಒಳಗೆ ಬಂತು. ಹರಿಯಲಿಲ್ಲ. ಕೋಲಿಗೆ ಹಾಕಿದ ಎಳೆಗಳೂ ಎಲ್ಲ ಒಂದೇ ಕಡೆ ವಾಲಿ, ಒಟ್ಟಿಗೆ ಎದ್ದು, ಒಟ್ಟಿಗೆ ಇಳಿಯುತ್ತಿದ್ದವು. ನಾನು ತಲೆ ಎತ್ತಿದೆ. ಹಾವೇರಿಯ ಕಡೆಯಿಂದ ರಾಣೆಬೆನ್ನೂರಿನ ಕಡೆಗೆ ಇಡೀ ಆಕಾಶವೇ ಸಾಗುತ್ತಿತ್ತು. ಬೈಯುವುದಕ್ಕೆ ಬಿಟ್ಟರೆ ನಾನು ಆಕಾಶವನ್ನು ನೋಡಿದವಳೇ ಅಲ್ಲ. ಆ ಗಾಳಿ ಯಾವ ಸಮುದ್ರದಿಂದ ಹೊರಟಿತ್ತೋ, ಎಷ್ಟು ಊರು, ಎಷ್ಟು ಕಣ ದಾಟಿತ್ತೋ, ನಮ್ಮ ಅಂಗಳಕ್ಕೆ ಬಂದು ಒಬ್ಬ ಮುದುಕಿಯ ಅಂಗೈ ಕೆಳಗಿನ ಹಿಟ್ಟನ್ನು ತಣ್ಣಗಿಟ್ಟಿತ್ತು. ಇಷ್ಟು ದೊಡ್ಡದು ಇಷ್ಟು ಸಣ್ಣ ಕೆಲಸಕ್ಕೆ ಬಂದಿದೆಯಲ್ಲ ಎಂದು ನನಗೆ ಕೈ ಮುಗಿಯುವಂತಾಯಿತು, ಕೈಯಲ್ಲಿ ಎಳೆ ಇತ್ತು.

ಕಣದಿಂದ ಮನೆಯವರು ಬಂದರು. ಬಾಗಿಲಲ್ಲಿ ತಾಯಿಯ ಕೈ ನೋಡಿ ಹಾಗೇ ನಿಂತರು. ಮೊಬೈಲು ಕಿಸೆಗೆ ಹಾಕಿದರು, ಚಪ್ಪಲಿ ಬಿಟ್ಟರು, ಗೋಡೆಯ ಬದಿಗೆ ಕುಕ್ಕರುಗಾಲಿನಲ್ಲಿ ಕೂತರು. ಹಿಟ್ಟು ಮುಗಿಯುವವರೆಗೆ ಅಲ್ಲಿಂದ ಏಳಲಿಲ್ಲ.

ಸಂಜೆ ಆ ಶಾವಿಗೆಯಲ್ಲೇ ಒಂದು ಹಿಡಿ ಬಸಿದು, ಬೆಲ್ಲ ತುಪ್ಪ ಕಲಸಿ, ಎಂದಿನ ಹಾಗೆ ಅತ್ತೆಯ ಮುಂದೆ ತಾಟು ಹಿಡಿದು ಕೂತೆ. ತುತ್ತು ಎತ್ತಲು ಹೋದವಳ ಕೈಯನ್ನು ಅವರು ತಡೆದರು. ತಮ್ಮ ಬಲಗೈಯನ್ನು ತಾಟಿಗೆ ಇಳಿಸಿದರು. ಬೆರಳು ಕೂಡಿಸಲು ಬಹಳ ಹೊತ್ತು ಹಿಡಿಯಿತು. ಅವರೇ ಉಣ್ಣುತ್ತಾರೆಂದು ನಾನು ಕಾದೆ. ಕೈ ನಡುಗುತ್ತ ಮೇಲೆದ್ದು ನನ್ನ ಕಡೆಗೆ ಬಂತು.

“ಬಾಯಿ ತಗಿ,” ಎಂದರು.

ತೆಗೆದೆ. ಅರ್ಧ ಬಾಯಿಗೆ ಬಂತು, ಅರ್ಧ ಗದ್ದದ ಮೇಲೆ, ಸೀರೆಯ ಮೇಲೆ ಬಿತ್ತು. ಅದೇ ಕೈಯಿಂದ ನನ್ನ ಗದ್ದ ಒರೆಸಿದರು.

“ಸರಿಯಾಗಿ ಬಾಯಿ ತಗೀಬೇಕು, ಸೀರಿ ಮ್ಯಾಲೆ ಬೀಳ್ತೈತಿ. ರಾಣೆಬೆನ್ನೂರಿಗೆ ಹೋಗೂತನಕ ದಿನಾ ನಿನಗ ತಿನ್ನಸ್ತೀನಿ. ಕೈಗೆ ರೂಢಿ ಆಗ್ಲಿ.”

ಬಾಯಿಯ ತುಂಬ ಶಾವಿಗೆ ಇತ್ತು. ಈ ಸಲ ಅವರು ಕಣ್ಣು ಮುಚ್ಚಿರಲಿಲ್ಲ, ನಾನು ಮುಚ್ಚಿಕೊಂಡೆ.