ಬೀಗರ ಮೇಲೆ ಯುದ್ಧ

ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಮೇಲಿನದಕ್ಕೆ ಸೇರಿಕೊಂಡಿದೆ, ಕಾಲರು ಒಂದು ಕಡೆ ಎತ್ತರ, ಬಿಚ್ಚಿ ಮತ್ತೆ ಹಾಕಿದರೆ ಮತ್ತೆ ಅದೇ, ಜನ್ಮವೆಲ್ಲ ಊರವರ ಅಂಗಿ ಹೊಲಿದ ದರ್ಜಿಗೆ ತನ್ನ ಅಂಗಿ ಹಾಕಿಕೊಳ್ಳಲು ಬರದೆ ಹೋಯಿತಲ್ಲ — ಅಪ್ಪಾ, ಮಾವ ಹೋಗ್ಬಿಟ್ರು, ಎದ್ದು ಕೂತಿದ್ರು, ಮಾತಾಡ್ತಾನೇ ಇದ್ರು, ನಾನು ನೀರು ತರೋಷ್ಟರಲ್ಲಿ — ಮಗಳು ಫೋನಿನಲ್ಲಿ ಅಷ್ಟು ಹೇಳಿದಳು, ಉಳಿದದ್ದು ಬರೀ ಅಳು. ಅವಳ ಮಾವ, ಇವನ ಬೀಗರು, ಕೂದಲು ನರೆಯುವ ತನಕ ಲಾರಿ ಓಡಿಸಿದ ಆಸಾಮಿ, ಆಮೇಲೆ ಶ್ವಾಸಕೋಶ ಕೈಕೊಟ್ಟು ಮಂಚಕ್ಕೂ ಆಕ್ಸಿಜನ್ ಪೈಪಿಗೂ ಕಟ್ಟುಬಿದ್ದವರು. ಒಳಗೆ ಹೆಂಡತಿ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಾಳೆ, ನಡುನಡುವೆ ಮೂಗು ಸೇದುವ ಸದ್ದು, ರೀ, ಗಾಡಿ ಬರೋ ಹೊತ್ತಾಯ್ತು, ತಯಾರಾದ್ರಾ. ಆಯ್ತು ಕಣೇ. ಆಗಿಲ್ಲ. ದೇವರ ಮುಂದಿನ ದೀಪ ಇನ್ನೂ ಉರಿಯುತ್ತಿದೆ, ಬೆಳಿಗ್ಗೆ ಅಲ್ಲಿ ಕೂತು ಎಂದಿನಂತೆ ಬೀಗರ ಉಸಿರಿಗಾಗಿ ಬೇಡಿಕೊಂಡಿದ್ದ, ಆ ಹೊತ್ತಿಗೆ ಅವರು ಇದ್ದರೋ ಇಲ್ಲವೋ, ದೇವರಿಗೇ ಗೊತ್ತು — ಆದರೆ ಗುಂಡಿ ತಪ್ಪಿಸುತ್ತಿರುವುದು ಅದಲ್ಲ, ಬೇರೆ, ನಿನ್ನೆ ಸಂಜೆ ಅವನು ಬೀಗರ ಮೇಲೆ ಯುದ್ಧ ಸಾರಿದ್ದಾನೆ.

ಆಟದ ಯುದ್ಧವೇ, ಆದರೂ ಯುದ್ಧ. ತನ್ನ ಅಪ್ಪನಿಗೆ ಹಾಸಿಗೆಯಲ್ಲಿ ಹೊತ್ತು ಹೋಗಲಿ ಎಂದು ಅಳಿಯ ಇಬ್ಬರ ಟ್ಯಾಬಿಗೂ ಹಾಕಿಕೊಟ್ಟ ಆಟ, ಜೇನುಗೂಡಿನಂತೆ ಮನೆ ಮನೆಯಾಗಿ ಹೆಣೆದ ನಕ್ಷೆ, ಇಲ್ಲಿ ಒಬ್ಬ ತನ್ನ ನಡೆ ಮುಗಿಸಿದರೆ ಅಲ್ಲಿ, ಆ ಊರಿನಲ್ಲಿ, ಇನ್ನೊಬ್ಬನ ಟ್ಯಾಬು ಟಿಣ್ ಎನ್ನುತ್ತದೆ. ಬಂಡಿಯಲ್ಲಿ ಜನರನ್ನು ಕಳಿಸಬೇಕು, ಹೊಸ ಊರು ಕಟ್ಟಬೇಕು, ಹೆಚ್ಚು ನೆಲ ಹಿಡಿದವನೇ ಮೇಲು. ದರ್ಜಿಯ ಬುದ್ಧಿ ಎಲ್ಲಿ ಹೋದೀತು, ಬಟ್ಟೆ ಹಾಳಾಗದಂತೆ ಅಳೆದು ಅಳೆದು ಕತ್ತರಿಸುವ ಬುದ್ಧಿ, ಇರುವ ಊರು ನೆಟ್ಟಗಾಗಲಿ ಎಂದು ಕಾದು ಅವನು ಬಂಡಿ ಹೂಡುವಷ್ಟರಲ್ಲಿ ಬೀಗರು ಕಣಿವೆಯ ಬಾಯಿಗೆ ಒಬ್ಬ ಈಟಿಯವನನ್ನು ತಂದು ನಿಲ್ಲಿಸಿಯಾಗಿತ್ತು. ಈ ಕಡೆ ಕೆರೆ, ಆ ಕಡೆ ಹತ್ತಲಾಗದ ಬೆಟ್ಟ, ನಡುವೆ ಒಂದೇ ಮನೆಯಷ್ಟು ಅಗಲದ ದಾರಿ, ಆ ಮನೆಯಲ್ಲಿ ಈಟಿಯವನು. ಆಚೆ ಹಸಿರು ಬಯಲು, ನದಿ, ಯಾರೂ ಕಾಲಿಡದ ನೆಲ. ಇಬ್ಬರ ನಡುವೆ ಶಾಂತಿ ಇರುವ ತನಕ ಒಬ್ಬನ ಆಳು ನಿಂತ ಮನೆಯನ್ನು ಇನ್ನೊಬ್ಬ ದಾಟುವಂತಿಲ್ಲ, ಅದು ಆಟದ ಕಾನೂನು. ಅವತ್ತೇ ಫೋನು, ಪೈಪಿನ ಸುಯ್ ಸದ್ದಿನ ಮಧ್ಯೆ, ಏನ್ ಬೀಗರೇ, ಬೆಟ್ಟದ ತಿರುವಲ್ಲಿ ಲಾರಿ ಅಡ್ಡ ಹಾಕಿದೀನಿ, ಹೆಂಗೆ ಹೋಗ್ತೀರೋ ಹೋಗಿ ನೋಡೋಣ. ಅಯ್ಯೋ, ನೀವು ಬಿಟ್ಟಾಗ ಹೋದ್ರಾಯ್ತು ಬಿಡಿ ಬೀಗರೇ. ಥೂ, ನಿಮ್ಮ, ಎಂದು ಅವರು ಫೋನಿಟ್ಟರು.

ಇವನ ಹತ್ತಿರ ಮೂರು ಕುದುರೆ ಸವಾರರು, ಅಲ್ಲಿ ಒಂಟಿ ಈಟಿಯವನು, ಒಂದೇ ಏಟಿನ ಕೆಲಸ. ಆದರೆ ಹೆಣ್ಣು ಕೊಟ್ಟ ಮನೆಯ ಮೇಲೆ ಯಾರಾದರೂ ದಂಡೆತ್ತಿ ಹೋಗುತ್ತಾರೆಯೇ? ಮಗಳ ಮದುವೆಯಾದಂದಿನಿಂದ ಅವರೆದುರು ದನಿ ಏರಿಸಿದವನಲ್ಲ, ಅವರು ಹಗಲನ್ನು ರಾತ್ರಿ ಅಂದರೂ ಹೌದೌದು, ನಕ್ಷತ್ರ ಕೂಡ ಕಾಣ್ತಿದೆ ಅನ್ನುವವನು. ಅವರೇನೂ ಕೇಳಿದವರಲ್ಲ, ಕಾಡಿದವರಲ್ಲ, ಸೊಸೆಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡವರು, ಆದರೂ ಹೆಣ್ಣು ಹೆತ್ತವನ ಬೆನ್ನು ತಾನಾಗಿ ಬಾಗುತ್ತದೆ. ಹಾಗಾಗಿ ಸಂಧಾನ ಕಳಿಸಿದ, ದಾರಿ ಬಿಡಿ, ಕುರಿ ಕೊಡುತ್ತೇನೆ, ಹೊನ್ನು ಕೊಡುತ್ತೇನೆ, ಪ್ರತಿ ಸಲವೂ ಒಲ್ಲೆ ಎಂಬ ಕೆಂಪು ಗುರುತು ತಿರುಗಿ ಬರುತ್ತಿತ್ತು. ಹೆಂಡತಿ ಕನ್ನಡಕದ ಮೇಲಿಂದ ನೋಡಿ, ಅಲ್ರೀ, ಮದುವೆ ಆಗಿರೋದು ಮಗಳಿಗಾ ನಿಮಗಾ, ದಿನಾ ಕುರಿ ಹೊಡ್ಕೊಂಡು ಬೀಗರ ಬಾಗಿಲಿಗೆ ಹೋಗ್ತೀರಲ್ಲ. ಅವಳು ನಕ್ಕಳು, ಇವನೂ ನಕ್ಕ, ಕುರಿ ಕಳಿಸುವುದು ಮಾತ್ರ ಬಿಡಲಿಲ್ಲ. ಮೊನ್ನೆ ಫೋನಿನಲ್ಲಿ ಬೀಗರ ದನಿಯೇ ಬೇರೆ, ಏನ್ರೀ ನೀವು, ಡಾಕ್ಟ್ರು, ಮಗ, ಸೊಸೆ, ಎಲ್ಲರೂ ನನ್ನ ಗಾಜಿನ ಲೋಟ ಹಿಡ್ಕೊಂಡ ಹಾಗೆ ಹಿಡ್ಕೊಂಡಿದ್ದಾರೆ, ನೀವೂ ಅವರ ಜೊತೆ ಸೇರ್ಕೊಂಡ್ರಾ, ಇನ್ನೂ ಸತ್ತಿಲ್ಲ ಕಣ್ರೀ ನಾನು, ಬಂದು ಒಂದು ಸಲ ಗುದ್ರಿ — ಆಮೇಲೆ ಕೆಮ್ಮು, ಕೆಮ್ಮು, ಮಗಳು ಬಂದು ಫೋನು ಕಸಿದುಕೊಂಡಳು. ತಮಾಷೆಯೋ, ಸಿಟ್ಟೋ, ಬೇಡಿಕೆಯೋ, ಒಂದು ದಿನವೆಲ್ಲ ತಲೆ ಕೆಡಿಸಿಕೊಂಡು ನಿನ್ನೆ ಸಂಜೆ ಕಣ್ಣು ಮುಚ್ಚಿ ಒತ್ತಿಯೇಬಿಟ್ಟ, ಯುದ್ಧ, ನಿಜವಾಗಿಯೂ ಸಾರುವಿರಾ ಎಂದು ಆಟ ಮತ್ತೆ ಕೇಳಿತು, ಹೌದು, ಮೂರು ಕುದುರೆಗಳನ್ನೂ ಈಟಿಯವನ ಎದೆಗೆ ಎದೆ ತಾಗುವಷ್ಟು ಹತ್ತಿರ ತಂದು ನಿಲ್ಲಿಸಿ ನಡೆ ಮುಗಿಸಿದ. ಫೋನು ಬರಲಿಲ್ಲ. ಬೈಯಲಿಕ್ಕಾದರೂ ಬರಬೇಕಿತ್ತು. ಬೇಜಾರಾಯಿತೇನೋ ಎಂದುಕೊಂಡ, ಬೆಳಿಗ್ಗೆ ತಾನೇ ಮಾಡಿ ಕ್ಷಮಿಸಿ ಅನ್ನೋಣ ಎಂದುಕೊಂಡ, ಈಗ ಯಾರಿಗೆ ಮಾಡುವುದು. ನೋಡಿದರೋ ಇಲ್ಲವೋ. ನೋಡದೇ ಹೋದರೆ, ಕೊನೆಯ ತನಕ ಹೌದೌದು ಅಂದವನಾಗಿಯೇ ಉಳಿದ. ನೋಡಿ ನೊಂದುಕೊಂಡು ಹೋಗಿದ್ದರೆ, ಹಾಸಿಗೆ ಹಿಡಿದವನ ಮೇಲೆ ಕುದುರೆ ನುಗ್ಗಿಸಿದ ಪಾಪಿ. ಎರಡರಲ್ಲಿ ಯಾವುದು, ದೇವರೇ, ಯಾವುದನ್ನು ಹೊತ್ತು ಆ ಮನೆಯ ಹೊಸ್ತಿಲು ದಾಟಲಿ.

ಟ್ಯಾಬು ಹೊಲಿಗೆ ಯಂತ್ರದ ಮೇಲೆ, ಅರ್ಧ ಹೊಲಿದ ದಿಂಬಿನ ಚೀಲದ ಕೆಳಗೆ. ಮುಟ್ಟಬಾರದು, ಇದು ಆಟ ಮುಟ್ಟುವ ಹೊತ್ತಲ್ಲ, ಮುಟ್ಟಿದ. ಬೆಳಕು ಬಂತು, ಅಕ್ಷರ ಬಂತು, ನಿಮ್ಮ ಸರದಿ, ಟಿಣ್ ಅಂದದ್ದು ನಿದ್ದೆಯಲ್ಲಿ ಕೇಳಿಸಿಲ್ಲ. ನಿಮ್ಮ ಸರದಿ ಎಂದರೆ ಅವರದು ಮುಗಿದಿದೆ, ಎಂದರೆ ನೋಡಿದ್ದಾರೆ, ಬೆರಳಿನಿಂದ ನಕ್ಷೆಯನ್ನು ಸರಿಸಿದ, ಕೆರೆ, ಬೆಟ್ಟ, ಇವನ ಮೂರು ಕುದುರೆ, ಅವುಗಳ ಮುಂದೆ — ಇಲ್ಲ. ಈಟಿಯವನಿಲ್ಲ. ಮನೆ ಖಾಲಿ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ, ಅಲ್ಲಿದ್ದಾನೆ, ಕಣಿವೆಯ ಒಳಬದಿಯಲ್ಲಿ, ದಾರಿ ಬಿಟ್ಟು ಕೆರೆಯ ದಂಡೆಗೆ ಸರಿದು, ತಲೆಯ ಮೇಲೆ ಪುಟ್ಟ ಚಂದ್ರ, ಆಳನ್ನು ನಿದ್ದೆಗೆ ಹಾಕಿದಾಗ ಆಟ ತೋರಿಸುವ ಚಂದ್ರ. ತಪ್ಪಿ ತಾಗಿದ ಬೆರಳಲ್ಲ, ಸರಿಸಬೇಕು, ಆಮೇಲೆ ಮಲಗು ಎಂದು ಬೇರೆಯಾಗಿ ಒತ್ತಬೇಕು, ಆ ನಡುಗುವ ಕೈ ಎರಡನ್ನೂ ಮಾಡಿದೆ. ಇಷ್ಟು ದಿನ ಅಷ್ಟು ಕುರಿಗೂ ಅಷ್ಟು ಹೊನ್ನಿಗೂ ಬಿಡದ ದಾರಿಯನ್ನು ಒಂದು ಗುದ್ದಿಗೆ ಬಿಟ್ಟುಕೊಟ್ಟು, ಬನ್ನಿ ಬೀಗರೇ, ಎಂದು ಮಗ್ಗುಲಾಗಿದ್ದಾರೆ, ಬೇಕಾದದ್ದು ಸಿಕ್ಕಿತು ಅನ್ನುವವರ ಹಾಗೆ. ಹೆಂಡತಿ ಬಾಗಿಲಲ್ಲಿ ನಿಂತು, ಈ ಹೊತ್ತಲ್ಲೂ ಅದನ್ನ ಹಿಡ್ಕೊಂಡ್ರಾ ನೀವು, ಎಂದವಳು ಅವನ ಮುಖ ನೋಡಿ ಬಂದು ಪಕ್ಕದಲ್ಲಿ ಕೂತಳು. ಬಂಡಿ ಹೊಡೆದರೆ ಈಗಲೇ ಹೋಗುತ್ತದೆ, ಬಯಲಿದೆ, ನದಿಯಿದೆ, ಹೊಡೆದರೆ ಸರದಿ ಅವರದಾಗುತ್ತದೆ, ಆ ಮಂಚದ ಪಕ್ಕದಲ್ಲಿ ಟಿಣ್ ಎನ್ನುತ್ತದೆ, ಯಾರೂ — ಬೇಡ, ಬೆರಳು ಏಳುವುದಿಲ್ಲ, ಕೆರೆ, ಬೆಟ್ಟ, ನಡುವೆ ಖಾಲಿ ಮನೆ. ದೇವರೇ, ನನಗೆ ದಾರಿ ಬಿಟ್ಟು ಹೋದವರು ಅವರು, ಅವರ ದಾರಿಗೆ ಯಾರನ್ನೂ ಅಡ್ಡ ನಿಲ್ಲಿಸಬೇಡ, ಕೆರೆ, ಬೆಟ್ಟ, ಪೈಪಿಲ್ಲದೆ ಎದೆ ತುಂಬ ಉಸಿರಾಡುವ ಕಡೆ ಅವರನ್ನು ಮಲಗಿಸು, ಖಾಲಿ ಮನೆ, ಶಾಂತಿ ಕೊಡು, ನನ್ನ ಬೀಗರಿಗೆ ಶಾಂತಿ ಕೊಡು.