ಅಕ್ಕನ ವಸಡು

ಹಲ್ಲಿನ ಡಾಕ್ಟರು ಆ ಬೀದಿಯಲ್ಲಿ ಬೈಗುಳಕ್ಕೇ ಹೆಸರುವಾಸಿ. ಸರಿಯಾಗಿ ಹಲ್ಲುಜ್ಜದೆ ಬಂದವರ ಜನ್ಮ ಜಾಲಾಡಿಬಿಡುತ್ತಿದ್ದರು. ಸ್ವಂತ ಅಕ್ಕನಿಗೂ ರಿಯಾಯಿತಿ ಇರಲಿಲ್ಲ.

ಮೂರು ವರ್ಷದ ಹಿಂದೆ ಅಕ್ಕನ ಮುಂದಿನ ಹಲ್ಲು ಬಿದ್ದಿತ್ತು. ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು, ಪಾಪ. ದವಡೆಗೆ ಮೂಳೆ ತುಂಬಿ, ಅದರೊಳಗೆ ಇಂಪ್ಲಾಂಟ್ ಎಂಬ ತಿರುಪು ಕೂರಿಸಿ, ಮೇಲೆ ಹಲ್ಲು ಅಂಟಿಸಿಕೊಟ್ಟವರು ಈ ತಮ್ಮನೇ. ಆ ದಿನ ಅವಳು ಕನ್ನಡಿ ಬಿಟ್ಟು ಕದಲಿರಲಿಲ್ಲ.

ಆದರೆ ವರ್ಷ ತುಂಬುವುದರೊಳಗೆ ವಸಡು ಊದತೊಡಗಿತು. ಊದಿದಾಗಲೆಲ್ಲ ಅವಳಿಗೆ ಮಂಗಳಾರತಿ.

"ಉಜ್ಜೋಕೆ ಬರಲ್ವಾ ನಿಂಗೆ? ಈ ವಯಸ್ಸಲ್ಲಿ ನಾನು ಹೇಳ್ಕೊಡ್ಬೇಕಾ?"

ಇವರಿಗೆ ಹಲ್ಲುಜ್ಜಲು ಕಲಿಸಿದವಳೇ ಅವಳು! ಆದರೂ ತಮ್ಮ ಹೇಳಿದನೆಂದು ದಿನಕ್ಕೆ ನಾಲ್ಕು ಸಲ ಉಜ್ಜುತ್ತಿದ್ದಳು.

ಇವತ್ತು ಹಲ್ಲು ಅಲುಗಾಡುತ್ತಿದೆ ಎಂದು ಬಂದು ಕುರ್ಚಿಯಲ್ಲಿ ಮುದುಡಿ ಕೂತಳು.

"ಬೈಬೇಡ ಕಣೋ. ಒಂದಿನಾನೂ ತಪ್ಪಿಸಿಲ್ಲ, ನಿನ್ನಾಣೆ."

ಡಾಕ್ಟರು ಮದ್ದು ಚುಚ್ಚಿ, ವಸಡು ಬಿಡಿಸಿ ನೋಡಿದರು. ಇಂಪ್ಲಾಂಟಿಗೆ ಕಚ್ಚಿಕೊಂಡು ಸಾಸಿವೆ ಕಾಳಿನಷ್ಟು ಬಿಳಿ ಚೂರು. ಅಯ್ಯೋ ದೇವರೇ! ಹಲ್ಲು ಅಂಟಿಸಿದಾಗ ಉಕ್ಕಿದ ಸಿಮೆಂಟು. ಅವತ್ತೇ ಕೆರೆದು ತೆಗೆಯಬೇಕಿತ್ತು, ತೆಗೆಯಬೇಕಾದವರು ಇವರೇ. ಯಾವ ಬ್ರಷ್ಷೂ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಸುತ್ತಲ ಮೂಳೆಯೆಲ್ಲ ಕರಗಿಹೋಗಿತ್ತು.

ಹತ್ತಿಯಲ್ಲಿ ಒರೆಸಿ ಬುಟ್ಟಿಗೆ ಎಸೆದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆದರೆ ಅಕ್ಕ ಬಾಯಿ ತೆರೆದುಕೊಂಡೇ, ಈಗ ಬೈತಾನೆ, ಈಗ ಬೈತಾನೆ ಎಂದು ಇವರ ಮುಖವನ್ನೇ ನೋಡುತ್ತಿದ್ದಳು. ಇವರಿಂದ ತಡೆಯಲಾಗಲಿಲ್ಲ.

"ಅಕ್ಕ, ತಪ್ಪು ನಿಂದಲ್ಲ, ನಂದು. ಹಲ್ಲು ಅಂಟಿಸಿದ ಸಿಮೆಂಟ್ ಒಳಗೇ ಬಿಟ್ಬಿಟ್ಟಿದ್ದೆ. ಸುಮ್‌ಸುಮ್ನೆ ನಿನ್ನ ಬೈದೆ."

ಬೈಯಲಿ, ಕಪಾಳಕ್ಕೆ ಬೇಕಾದರೂ ಕೊಡಲಿ ಎಂದು ಕಾದರು. ಬಾಯಿಯ ಹತ್ತಿ ತೆಗೆದ ಮೇಲೆ ಅಕ್ಕ ನಕ್ಕುಬಿಟ್ಟಳು. ಮರಗಟ್ಟಿದ ತುಟಿ ಒಂದೇ ಕಡೆ ಎದ್ದಿತು.

"ಅಬ್ಬಾ, ಅಷ್ಟೇನಾ! ನೀನು ಅಷ್ಟು ಕಷ್ಟಪಟ್ಟು ಹಾಕಿದ್ದು ನನ್ನಿಂದ ಹಾಳಾಯ್ತಲ್ಲ ಅಂತ ಎಷ್ಟು ಒದ್ದಾಡಿದೀನಿ ಗೊತ್ತಾ? ಇರ್ಲಿ ಬಿಡು. ಇದನ್ನ ಕಿತ್ತು ಇನ್ನೊಂದು ಹಾಕು. ನೀನೇ ಹಾಕ್ಬೇಕು, ಬೇರೆಯವ್ರು ಯಾರೂ ನನ್ನ ಬಾಯಿ ಮುಟ್ಟೋದು ಬೇಡ."

ಹಾಕಲು ಮೂಳೆಯೇ ಉಳಿದಿರಲಿಲ್ಲ. ತುಂಬಿದ್ದೂ ಹೋಗಿತ್ತು, ಅದರ ಜೊತೆ ಅವಳದೂ ಹೋಗಿತ್ತು; ಮತ್ತೆ ತುಂಬಿದರೂ ಹಿಡಿದು ನಿಲ್ಲಲು ಆಧಾರವಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುತ್ತಿದ್ದ ಡಾಕ್ಟರಿಗೆ ಅದನ್ನು ಹೇಳಲು ಬಾಯಿಯೇ ಬರಲಿಲ್ಲ.

"ಅಳ್ತಿದೀಯೇನೋ, ಹುಚ್ಚಪ್ಪ?" ಅಕ್ಕ ಕುರ್ಚಿಯಿಂದಲೇ ಕೈ ಚಾಚಿ ಇವರ ಕಣ್ಣೊರೆಸಿದಳು. "ಹೊಸದು ಹಾಕೋಕೆ ಯಾವಾಗ ಬರ್ಲಿ, ಅದನ್ನ ಹೇಳು."